ನಾಲ್ಕನೇ ಪುಟ

ರೀ,

ಅಮ್ಮನ್ನ ನೋಡ್ಕೊಂಡು ಬರೋಕೆ ಸಾತನೂರಿಗೆ ಹೋಗ್ತಿದ್ದೀನಿ, ಸಂಜೆ ಬಸ್ಸಿಗೆ ವಾಪಸ್. ಮುದ್ದೆ ಮಾಡಿಟ್ಟಿದ್ದೀನಿ, ಬಸ್ಸಾರು ಬಿಸಿ ಮಾಡ್ಕೊಳ್ಳಿ.

ಎರಡು ಗಂಟೆಗೆ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕಿ. ಇನ್ನು ನಾಲ್ಕೇ ದಿನಕ್ಕೆ ಗೂಡು ಕಟ್ಟುತ್ತವೆ, ಈಗ ಒಂದು ಹೊತ್ತು ತಪ್ಪಿದರೂ ಗೂಡು ತೆಳ್ಳಗಾಗುತ್ತೆ. ಕೈ ತೊಳೆದೇ ಒಳಗೆ ಹೋಗಿ.

"ಕಂಪ್ಯೂಟರ್ ತೆಗೆದ್ರೆ ಬರೀ ವಿಡಿಯೋನೇ ಬತ್ತದೆ ಕಣೆ, ಇದ್ರಲ್ಲಿ ಓದೋದು ಬುಟ್ರೆ ಬೇರೇನೂ ಇಲ್ಲ" ಅಂತ ಇ-ರೀಡರ್ ತರಿಸಿದಿರಿ. ಯಾವುದು ಒಳ್ಳೇದು ಅಂತ ತಿಳಿಯೋಕೆ ಇಪ್ಪತ್ತು ದಿನ ಅದೇ ಕಂಪ್ಯೂಟರ್ ಮುಂದೆ ಕೂತು ವಿಡಿಯೋ ನೋಡಿದಿರಿ. ಬಂದು ತಿಂಗಳಾಯ್ತು. ಈಗ ಅದಕ್ಕೆ ಹಾಕೋ ಕವರ್‌ಗಳ ವಿಡಿಯೋ ನಡೀತಿದೆ. ನೀವು ಅದರಲ್ಲಿ ಓದೋಕೆ ಶುರು ಮಾಡಿದ ಪತ್ತೇದಾರಿ ಕಾದಂಬರಿ ಮಾತ್ರ ನಾಲ್ಕನೇ ಪುಟ ಬಿಟ್ಟು ಕದಲಿಲ್ಲ.

ಇ-ರೀಡರ್ ಹುಡುಕಬೇಡಿ, ನನ್ನ ಬ್ಯಾಗಲ್ಲಿದೆ. ಹುಳುಮನೇಲಿ ಸೊಪ್ಪು ಹಾಕಿ ಕೂತಾಗೆಲ್ಲ ಆ ಕಾದಂಬರಿ ಓದಿ ಇನ್ನೂರನೇ ಪುಟ ದಾಟಿದ್ದೀನಿ. ಇವತ್ತು ಬಸ್ಸಲ್ಲೇ ಮುಗಿಯುತ್ತೆ.

ಎರಡು ಗಂಟೆ ಸೊಪ್ಪು ತಪ್ಪಿತೋ, ಕೊಲೆ ಮಾಡಿದ್ದು ಯಾರು ಅಂತ ಚಪ್ಪಲಿ ಬಿಡೋಕೆ ಮುಂಚೆ ಬಾಗಿಲಲ್ಲೇ ನಿಂತು ಹೇಳಿಬಿಡ್ತೀನಿ.

ಲತಾಮಣಿ