ಕೋಲ್ಡ್ ಸ್ಟೋರೇಜಿನ ಕಳ್ಳ

ಕುಷ್ಟಗಿ, ಶುಕ್ರವಾರ, 24 ಅಕ್ಟೋಬರ್ 2025

ಮೂರು ದಿನದಿಂದ ತಲೆ ಕೆಟ್ಟಿದೆ. ನಮ್ಮ ಕೋಲ್ಡ್ ಸ್ಟೋರೇಜಿನ ಲಿನಕ್ಸ್ ಸರ್ವರ್ ಐದೈದು ನಿಮಿಷಕ್ಕೆ ನನ್ನ ಫೋನಿಗೆ ಮೇಲ್ ಹಾಕುತ್ತಿದೆ. ಯಾರೋ ತಪ್ಪು ಪಾಸ್‌ವರ್ಡ್ ಹಾಕಿ ಒಳಗೆ ಬರಲು ನೋಡುತ್ತಿದ್ದಾರಂತೆ. ಸರ್ವರ್ ನೋಡಿಕೊಳ್ಳುವ ವಿರೂಪಾಕ್ಷಮ್ಮ ಕುರ್ಚಿಯಲ್ಲಿ ಇರುವುದೇ ಇಲ್ಲ. ಇವತ್ತು ಎಲ್ಲರ ಎದುರಿಗೇ ಬೈದೆ.

"ಕಳ್ಳ ಸಿಕ್ಕಾನ್ರಿ ಕಾಕಾ," ಅಂದಳು. "ದಾಳಿಂಬ್ರಿ ಖೋಲ್ಯಾಗಿನ ಥರ್ಮಾಮೀಟರ್ ಯಂತ್ರ. ಅಮಾಸಿ ದಿನ ಕಾಯಿ ಒಡದು, ಕೀಲಿ ಜೋಡಿ ಪಾಸ್‌ವರ್ಡೂ ಹೊಸಾದು ಮಾಡ್ಸಿದ್ರಿ. ಅದಕ್ಕ ಯಾರು ಹೇಳ್ಯಾರ? ಪಾಪ, ಹಳೇದನ್ನ ಹಿಡಕೊಂಡು ಬಾಗಲಾ ಬಡ್ಯಾಕ ಹತ್ತೈತಿ."

ಹಾಗಾದರೆ ಮೂರು ದಿನದಿಂದ ಆ ಕೋಣೆ ಎಷ್ಟು ತಂಪಿದೆ ಎಂಬುದೇ ಸರ್ವರಿಗೆ ಬಂದಿಲ್ಲ. ಒಳಗೆ ನಲವತ್ತು ರೈತರ ದಾಳಿಂಬೆ ಇದೆ. ಓಡಿದೆ.

ಕೋಣೆ ತಣ್ಣಗೇ ಇತ್ತು. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಮೂರೂ ದಿನದ ಡಿಗ್ರಿ, ತಾಸುತಾಸಿಗೂ ಬರೆದಿತ್ತು. ವಿರೂಪಾಕ್ಷಮ್ಮನ ಅಕ್ಷರ. ಕುರ್ಚಿಯಲ್ಲಿ ಇಲ್ಲವೆಂದು ನಾನು ಬೈದೆನಲ್ಲ, ಆ ಹೊತ್ತೆಲ್ಲ ಅವಳು ಇಲ್ಲಿದ್ದಳು. ಹೇಳಲು ಬಂದಾಗಲೂ ನಾನು ಬಾಯಿ ಬಿಡಗೊಟ್ಟಿರಲಿಲ್ಲ.

ಅವಳು ಆ ಯಂತ್ರಕ್ಕೂ ಹೊಸ ಪಾಸ್‌ವರ್ಡ್ ಹಾಕಿದಳು, ಸಂಜೆಗೆ ಮೇಲ್ ನಿಂತವು. ನಾಳೆ ಅವಳಿಗೆ ಏನಾದರೂ ಅನ್ನಬೇಕು. ಎಲ್ಲರ ಎದುರಿಗೇ ಅನ್ನಬೇಕು, ಬೈದದ್ದೂ ಅಲ್ಲಿಯೇ ತಾನೇ. ಏನೆಂದು? ತಪ್ಪು ನನ್ನದೇ ಎಂದು.