ನಿಂತಲ್ಲೇ ನಡುಗುವ ಕಾರು

ಗೋಣಿಕೊಪ್ಪಲು
ಭಾನುವಾರ

ಪ್ರೀತಿಯ ಅಕ್ಕನಿಗೆ,

ದಿವ್ಯಶ್ರೀಯ ನಮಸ್ಕಾರ. ಅಪ್ಪನೂ ನಾನೂ ಚೆನ್ನಾಗಿದ್ದೇವೆ. ನೀನು ಹೇಗಿದ್ದೀ ಎಂದು ಕೇಳುವ ಮೊದಲು ಒಂದು ಮಾತು: ಈ ಕಾಗದ ಪೂರ್ತಿ ಓದುವ ತನಕ ಆ ರೇಸ್ ಕಾರನ್ನು ಹತ್ತಬೇಡ.

ಫೋನ್ ಬಿಟ್ಟು ಕಾಗದವೇಕೆ ಎನ್ನುತ್ತೀ. ನಿನ್ನ ಫೋನನ್ನು ದಿನಾ ಭಾವ ತೆಗೆದು ನೋಡುತ್ತಾರೆ ಎಂದು ನೀನೇ ಒಮ್ಮೆ ನಗುತ್ತಾ ಹೇಳಿದ್ದೆ. ಆಗ ನಾನೂ ನಕ್ಕಿದ್ದೆ. ನಿಮ್ಮ ತೋಟದ ಲೈನ್ ಮನೆಗಳ ಕೂಲಿಯಾಳು ಮುದ್ದಿ ಇವತ್ತು ಸಂತೆಗೆ ಬಂದಿದ್ದಾಳೆ. ಅವಳು ಸಾಮಾನು ಕೊಂಡು ಬರುವಷ್ಟರಲ್ಲಿ ಬರೆದು ಕೊಡಬೇಕು.

ಹೋದ ತಿಂಗಳು ಭಾವ ಆ ಕಾರನ್ನು ನನ್ನ ಗ್ಯಾರೇಜಿಗೆ ತಂದಾಗ ನನಗೆ ಖುಷಿಯೇ ಆಗಿತ್ತು. ಗುಡ್ಡದ ರ‍್ಯಾಲಿಯಲ್ಲಿ ಈ ಸಲ ನೀನು ಹೆಂಗಸರ ವಿಭಾಗದಲ್ಲಿ ಓಡಿಸುತ್ತೀ, ಅದಕ್ಕೆ ಕಾರು ರೆಡಿಯಾಗಬೇಕು ಎಂದರು. ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ ಏರುತ್ತದೆ, ಇಳಿಯುತ್ತದೆ, ಒಮ್ಮೊಮ್ಮೆ ಆಫ್ ಆಗುತ್ತದೆ ಎಂದರು. ರೇಸಿಗೆಂದು ವಾಲ್ವುಗಳನ್ನು ಹೆಚ್ಚು ತೆರೆಯುವ ದೊಡ್ಡ ಕ್ಯಾಮ್ ಹಾಕಿದ ಎಂಜಿನ್, ಕಾರು ನಿಂತಿರುವಾಗಿನ ಐಡ್ಲಿಂಗ್‌ನಲ್ಲಿ ಸ್ವಲ್ಪ ಗುಡುಗುಡು ಅನ್ನುವುದು ಸಹಜ. ಇದು ಅಂಥದ್ದಲ್ಲ. ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು.

ಇಂಜೆಕ್ಟರುಗಳನ್ನು ಬಿಚ್ಚಿ ತೊಳೆದೆ. ಪೆಟ್ರೋಲಿನ ಪ್ರೆಷರ್ ಸರಿಯಿತ್ತು. ಪ್ಲಗ್ಗುಗಳು ಬಿಳಿಚಿಕೊಂಡಿದ್ದವು, ಅಂದರೆ ಮಿಕ್ಸ್‌ಚರಿನಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಸ್ಕ್ಯಾನರ್ ಹಾಕಿದರೆ, ಐಡ್ಲಿಂಗ್‌ನಲ್ಲಿ ಮಾತ್ರ ಕಾರಿನ ಕಂಪ್ಯೂಟರಿಗೆ ಪೆಟ್ರೋಲ್ ಸುರಿದು ಸುರಿದು ಸಾಕಾಗಿದೆ. ಆಕ್ಸಿಲರೇಟರ್ ಒತ್ತಿದ ಕೂಡಲೇ ಎಲ್ಲ ಸರಿ. ಹಾಗಿದ್ದರೆ ಲೆಕ್ಕಕ್ಕೆ ಸಿಗದ ಗಾಳಿ ಎಲ್ಲಿಂದಲೋ ಒಳಗೆ ನುಗ್ಗುತ್ತಿದೆ. ಎಲ್ಲಿ ಸೋರುತ್ತದೆಂದು ಎಂಜಿನ್ನಿನ ಗಾಳಿದಾರಿಯೊಳಗೆ ಹೊಗೆ ಬಿಟ್ಟು ನೋಡಿದೆ. ಬ್ರೇಕ್ ಬೂಸ್ಟರಿಗೆ ಹೋಗುವ ದಪ್ಪ ರಬ್ಬರ್ ಪೈಪಿನ ಅಡಿಯಿಂದ ಹೊಗೆ ನೂಲಿನಂತೆ ಎದ್ದಿತು.

ಆ ಪೈಪು ಎಂಜಿನ್ ಗಾಳಿ ಹೀರುವ ಎಳೆತವನ್ನು ಬ್ರೇಕಿಗೆ ಒಯ್ಯುತ್ತದೆ. ಅದರಿಂದಲೇ ಪೆಡಲು ಕಾಲಿಗೆ ಹಗುರವಾಗುವುದು. ಇಲಿ ಕಡಿದಿರಬೇಕು ಎಂದೆ. ಭಾವ ಇರಬಹುದು ಎಂದರು. ಹೊಸ ಪೈಪು ಹಾಕಿದೆ, ಕಾರು ಸರಿಹೋಯಿತು. ಹಳೆಯದನ್ನು ಶೆಲ್ಫಿನಲ್ಲಿ ಹಾಗೇ ಬಿಟ್ಟಿದ್ದೆ.

ಮೊನ್ನೆ ಶುಕ್ರವಾರ ಮತ್ತೆ ಬಂದರು. ಅದೇ ನಡುಕ. ಈ ಸಲ ಬೇರೆಲ್ಲೂ ಹುಡುಕದೆ ಇಕ್ಕಳದಿಂದ ಆ ಪೈಪನ್ನೇ ಹಿಸುಕಿ ಹಿಡಿದೆ. ಎಂಜಿನ್ನಿನ ನಡುಕ ನಿಂತಿತು. ಬಿಟ್ಟೆ, ನಡುಗಿತು. ಬಿಚ್ಚಿ ತಿರುಗಿಸಿ ನೋಡಿದರೆ, ನಾನೇ ಹಾಕಿದ ಹೊಸ ಪೈಪಿನ ಅಡಿಯಲ್ಲಿ, ಮೇಲಿಂದ ನೋಡುವವರಿಗೆ ಕಾಣದ ಕಡೆ, ಒಂದು ಸೀಳು. ಇಲಿ ಕಡಿದಿದ್ದರೆ ಅಂಚು ಚಿಂದಿಯಾಗಿರುತ್ತದೆ. ಇದು ಬ್ಲೇಡಿನಿಂದ ಎಳೆದ ಗೆರೆ. ಹಳೆಯದನ್ನು ತಂದು ಪಕ್ಕದಲ್ಲಿಟ್ಟು ನೋಡಿದೆ. ಅದೂ ಹಾಗೆಯೇ ಅಕ್ಕ. ಮೊದಲ ಸಲ ನಾನು ಸರಿಯಾಗಿ ನೋಡಿಯೇ ಇರಲಿಲ್ಲ.

ಇದನ್ನು ಯಾರೋ ಕೊಯ್ದಿದ್ದಾರೆ ಎಂದು ಭಾವನಿಗೆ ತೋರಿಸಿದೆ. ಅವರು ಪೈಪಿನ ಕಡೆ ತಿರುಗಿಯೂ ನೋಡಲಿಲ್ಲ.

“ಆ ಪೈಪಿನ ತಂಟೆಗೆ ಹೋಗ್ಬೇಡ ದಿವ್ಯಾ. ಲ್ಯಾಪ್‌ಟಾಪ್ ಹಾಕಿ ಪೆಟ್ರೋಲ್ ಜಾಸ್ತಿ ಮಾಡು. ನಿಂತ್ಕಂಡಾಗ ನಡುಗದಂಗೆ ಆದ್ರೆ ಸಾಕು,” ಎಂದರು.

ಪೈಪು ಬದಲಾಯಿಸದಿದ್ದರೆ ಬ್ರೇಕ್ ಹಿಡಿಯುವುದಿಲ್ಲ ಎಂದೆ.

“ಓಡ್ಸೋಳು ನಿಮ್ಮಕ್ಕ. ಅವ್ಳು ಎಲ್ಲಿ ಬ್ರೇಕ್ ಒತ್ತುತಾಳೆ? ಹೋದ್ವರ್ಷ ಒತ್ಲೇ ಇಲ್ವಲ್ಲ.”

ನಗುತ್ತಲೇ ಅಂದರು. ನಾನು ಮಾಡುವುದಿಲ್ಲ ಎಂದೆ. ಆ ಸೀಳಿದ ಪೈಪನ್ನು ನನ್ನ ಕೈಯಿಂದ ತೆಗೆದುಕೊಂಡು, ತಾವೇ ಸಿಕ್ಕಿಸಿ, ಕಾರು ತೆಗೆದುಕೊಂಡು ಹೋದರು. ಬೇರೆ ಯಾರ ಹತ್ತಿರವಾದರೂ ಮಿಕ್ಸ್‌ಚರ್ ಹೆಚ್ಚಿಸಿಕೊಂಡು ಬರುತ್ತಾರೆ. ಆಮೇಲೆ ಕಾರು ನಡುಗುವುದಿಲ್ಲ. ನಿನಗೆ ಅನುಮಾನ ಬರಲು ಕಾರಣವೇ ಇರುವುದಿಲ್ಲ. ಮೊದಲ ಒಂದೆರಡು ಸಲ ಬ್ರೇಕೂ ಚೆನ್ನಾಗಿಯೇ ಹಿಡಿಯುತ್ತದೆ, ಬೂಸ್ಟರಿನಲ್ಲಿ ಅಷ್ಟು ಎಳೆತ ಉಳಿದಿರುತ್ತದೆ. ಅದಾದಮೇಲೆ ಪೆಡಲು ಮರದ ಕೊರಡು. ನೀನು ಪ್ರಾಕ್ಟೀಸ್ ಮಾಡುವ, ನಿಮ್ಮ ಬಂಗಲೆಯಿಂದ ಕೆರೆಗಿಳಿಯುವ ದಾರಿಯ ತಿರುವುಗಳನ್ನು ನೆನೆದರೆ ನನಗೆ ಊಟ ಸೇರುತ್ತಿಲ್ಲ.

ಭಾವನ ಬಗ್ಗೆ ಹೀಗೆಲ್ಲ ಬರೆಯಲು ಕೈ ಬರುವುದಿಲ್ಲ. ನನ್ನದೇ ತಪ್ಪು ತಿಳಿವಳಿಕೆ ಆಗಿದ್ದರೆ ಬೈದುಬಿಡು, ಬೈಸಿಕೊಳ್ಳುತ್ತೇನೆ. ಅಪ್ಪನಿಗೆ ಇನ್ನೂ ಹೇಳಿಲ್ಲ.

ನಿನ್ನ ತಂಗಿ,
ದಿವ್ಯ

ಮರೆತ ಮಾತು: ಪೆಡಲು ಗಟ್ಟಿಯಾದದ್ದು ನಿನಗೆ ಆಗಲೇ ಗೊತ್ತಾಗಿದೆಯೇ? ಹೌದು, ಇಲ್ಲ, ಅಷ್ಟೇ ಬರೆದು ಮುದ್ದಿಯ ಕೈಯಲ್ಲಿ ಕಳಿಸು.



ಅಮ್ಮತ್ತಿ
ಬುಧವಾರ

ನನ್ನ ದಿವ್ಯಾ,

ಹೌದು.

ನಿನ್ನ ಕಾಗದವನ್ನು ಅಡುಗೆಮನೆಯಲ್ಲಿ ನಿಂತೇ ಓದಿ ಒಲೆಗೆ ಹಾಕಿದೆ.

ಪೆಡಲು ಗಟ್ಟಿಯಾದದ್ದು ನನಗೆ ಗೊತ್ತಾಗಿತ್ತು. ಕೆರೆ ದಾರಿಯಲ್ಲಿ ಒಮ್ಮೆ ಹ್ಯಾಂಡ್‌ಬ್ರೇಕ್ ಎಳೆದು ಉಳಿದುಕೊಂಡೆ. ಇನ್ನೊಮ್ಮೆ ಕಾರಿನ ಮೂತಿ ಕಾಫಿ ಗಿಡದೊಳಗೆ ನುಗ್ಗಿ ನಿಂತಿತು. ಇವರಿಗೆ ಹೇಳಿದರೆ, ಟೈಫಾಯ್ಡ್ ಆದಮೇಲೆ ನಿನ್ನ ಕಾಲಲ್ಲಿ ಶಕ್ತಿಯೇ ಇಲ್ಲ ಎಂದರು. ತಾವೇ ಅಮ್ಮತ್ತಿ ಪೇಟೆಗೆ ಹೋಗಿ ಟಾನಿಕ್ ತಂದುಕೊಟ್ಟರು. ನಾನು ನಂಬಿದೆ ದಿವ್ಯಾ. ಕಾಲು ಗಟ್ಟಿಯಾಗಲಿ ಎಂದು ದಿನಾ ಬೆಳಿಗ್ಗೆ ಅಟ್ಟದ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೆ. ಇವರು ಕಾಫಿ ಕುಡಿಯುತ್ತಾ ಅದನ್ನು ನೋಡುತ್ತಿದ್ದರು.

ಹೋದ ವರ್ಷ ಗದ್ದೆಯಲ್ಲಿ ನಡೆದ ರೇಸಿನಲ್ಲಿ ಇವರಿಗಿಂತ ನಾನೇ ಬೇಗ ಮುಗಿಸಿದ್ದು ನಿನಗೆ ಗೊತ್ತು. ಎಲ್ಲರೂ ಇವರ ಬೆನ್ನು ತಟ್ಟಿ ನಕ್ಕರು, ಇವರೂ ನಕ್ಕರು. ಮನೆಗೆ ಬಂದಮೇಲೆ ಎಷ್ಟೋ ದಿನ ನನ್ನ ಹತ್ತಿರ ಮಾತಾಡಲಿಲ್ಲ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಸೋಮವಾರ ತಲೆನೋವೆಂದು ಮಲಗಿದೆ. ನಿನ್ನೆ ತಿಂಡಿಯಾದ ಮೇಲೆ ಇವರೇ ಕಾರನ್ನು ಕಣದ ಹತ್ತಿರ ತಂದು ನಿಲ್ಲಿಸಿ, ಭಾನುವಾರದ ರ‍್ಯಾಲಿ ಹತ್ತಿರ ಬಂತು, ಪ್ರಾಕ್ಟೀಸಿಗೆ ಹೊರಡು ಎಂದರು. ಎಂಜಿನ್ ಚಾಲೂ ಇತ್ತು. ಒಂದಿಷ್ಟೂ ನಡುಗುತ್ತಿರಲಿಲ್ಲ. ಹೊಗೆಯಲ್ಲಿ ಮಾತ್ರ ಹಸಿ ಪೆಟ್ರೋಲಿನ ವಾಸನೆ. ಅಷ್ಟು ಸಲ ನಡುಗಿದಾಗ ಹೆದರದಿದ್ದವಳು, ಅದು ಸುಮ್ಮನೆ ನಿಂತದ್ದನ್ನು ನೋಡಿ ಹೆದರಿದೆ.

ಅತ್ತೆ ಅಲ್ಲೇ ಮೆಣಸು ಹರಡುತ್ತಿದ್ದರು. ಒಂದು ಸಲ ನೀವೇ ಕೆರೆ ತನಕ ಇಳಿಸಿ ತೋರಿಸಿ, ತಿರುವು ಹೇಗೆ ಹಿಡಿಯಬೇಕೆಂದು ಕಲಿಯುತ್ತೇನೆ ಎಂದು ಇವರಿಗೆ ಹೇಳಿದೆ. ಕೆಲಸವಿದೆ ಎಂದರು. ಕೆಲಸವೇನೂ ಇರಲಿಲ್ಲ. ಮತ್ತೆ ಕೇಳಿದೆ. ಇವರು ಕಾರಿನ ಹತ್ತಿರವೂ ಬರಲಿಲ್ಲ. ಅತ್ತೆ ತಲೆಯೆತ್ತಿ ಮಗನ ಮುಖವನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಬಂದು ಕಾರಿನ ಎಡಗಡೆ ಬಾಗಿಲು ತೆಗೆದು ಕೂತರು.

“ನಡಿಯವ್ವ ಭವ್ಯ. ನಾನೂ ಬತ್ತೀನಿ. ಕೆರೆ ನೋಡಿ ಬಾಳ ದಿನ ಆಯ್ತು.”

ಇವರು ಓಡಿಬಂದು ಕಿಟಕಿಯಿಂದ ಕೈ ಹಾಕಿ ಎಂಜಿನ್ ಆಫ್ ಮಾಡಿ ಕೀ ಕಿತ್ತುಕೊಂಡರು.

“ಇಳಿಯವ್ವ. ನೀನು ಇಳಿ.”

“ನಾನು ಇಳಿಬೇಕು. ಅವ್ಳು?” ಎಂದರು ಅತ್ತೆ.

ಇವರು ಕೀಯನ್ನು ಜೇಬಿಗೆ ಹಾಕಿಕೊಂಡರು. “ಸಾಯ್ಲಿ ಅಂತಲ್ಲವ್ವ,” ಎಂದರು. “ಹೆದ್ರಿ ರೇಸ್ ಬಿಟ್ಬುಡ್ಲಿ ಅಂತ.”

ಅತ್ತೆ ಇಳಿದು ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಇವನಪ್ಪನೂ ಹೀಗೇ ನಗುನಗುತ್ತಾ ಇರುತ್ತಿದ್ದರು ಎಂದಷ್ಟೇ ಹೇಳಿದರು. ಅತ್ತೆಯ ಕೈಮೇಲೆ ಆ ಹಳೆಯ ಸುಟ್ಟ ಕಲೆ ಇದೆಯಲ್ಲ, ಅದನ್ನು ಬೆರಳಿನಿಂದ ಸವರುತ್ತಾ ಕೂತಿದ್ದರು. ಅದು ಹೇಗಾಯಿತೆಂದು ನಾನು ಇಷ್ಟು ವರ್ಷ ಕೇಳಿರಲಿಲ್ಲ, ನಿನ್ನೆಯೂ ಕೇಳಲಿಲ್ಲ.

ಆಗಿನಿಂದ ಇವರು ಬಹಳ ಮೆತ್ತಗಿದ್ದಾರೆ. ಊಟ ಆಯ್ತಾ ಎಂದು ವಿಚಾರಿಸುತ್ತಾರೆ. ನನ್ನ ಫೋನ್ ಮಾತ್ರ ಇವರ ಜೇಬಿನಲ್ಲಿದೆ. ಇದನ್ನೆಲ್ಲ ನನಗೆ ಯಾರು ಹೇಳಿದರೆಂದು ಕೇಳಲೇ ಇಲ್ಲ. ಕೇಳುವ ಅಗತ್ಯವೂ ಇವರಿಗಿಲ್ಲ.

ನಾಳೆ ಬೆಳಿಗ್ಗೆ ಇವರು ತೋಟಕ್ಕೆ ಇಳಿದ ಕೂಡಲೇ ಅತ್ತೆಯೂ ನಾನೂ ಒಳದಾರಿಯಲ್ಲಿ ಅಮ್ಮತ್ತಿ ಪೇಟೆಗೆ ನಡೆದು ಬರುತ್ತೇವೆ. ನೀನು ನಿನ್ನ ಜೀಪು ತೆಗೆದುಕೊಂಡು ಬಸ್‌ಸ್ಟ್ಯಾಂಡಿಗೆ ಬಾ. ಶೆಲ್ಫಿನಲ್ಲಿಟ್ಟ ಹಳೆಯ ಪೈಪನ್ನೂ ತಾ. ಅಲ್ಲಿಂದ ನೇರ ಪೊಲೀಸ್ ಸ್ಟೇಷನ್ನಿಗೆ. ಮಗನ ಮೇಲೆ ನಾನೇ ಹೇಳಿಕೆ ಕೊಡುತ್ತೇನೆ ಎಂದಿದ್ದಾರೆ ಅತ್ತೆ. ಅಪ್ಪನಿಗೆ ಇವತ್ತೇ ಎಲ್ಲ ಹೇಳಿಬಿಡು.

ನಿನ್ನ ಅಕ್ಕ,
ಭವ್ಯಶ್ರೀ

ಮುದ್ದಿಗೆ ಕೊಡುವ ಮೊದಲು ಇನ್ನೆರಡು ಸಾಲು: ಅತ್ತೆ ಈಗಷ್ಟೇ ಹೇಳಿದರು, ನಿನ್ನೆ ಊಟಕ್ಕೆ ಕೂತಾಗ ಇವರು ಮಾತಿನ ನಡುವೆ ಎಂಬಂತೆ ಅವರನ್ನು ಕೇಳಿದರಂತೆ, ದಿವ್ಯ ತನ್ನ ಜೀಪನ್ನು ಗ್ಯಾರೇಜಿನ ಒಳಗೆ ಹಾಕುತ್ತಾಳೋ, ಹೊರಗೇ ಬಿಟ್ಟು ಮನೆಗೆ ಹೋಗುತ್ತಾಳೋ ಎಂದು. ಇವತ್ತು ಬೆಳಗಾಗುವ ಮೊದಲೇ ಎಲ್ಲಿಗೋ ಹೋಗಿಬಂದಿದ್ದಾರೆ. ಬಚ್ಚಲಲ್ಲಿ ಇವರು ಕೈ ತೊಳೆದ ನೀರು ಗ್ರೀಸಿನಿಂದ ಕಪ್ಪಗಿತ್ತು. ಜೀಪು ತಾ ಎಂದು ಮೇಲೆ ಬರೆದದ್ದು ಬೇಡ. ಜೀಪು ಮುಟ್ಟಬೇಡ, ಅಪ್ಪನಿಗೂ ಕೊಡಬೇಡ. ಬಸ್ಸಿನಲ್ಲಿ ಬಾ.