ಹಿರಿಯ ರಾಣಿಯನ್ನು ಕಪಾಟಿನಲ್ಲಿ ಕೂಡಿಹಾಕಿದವರಿಗೆ

ಓದುಮನೆಯ ಬೀಗದಕೈ ಇಟ್ಟುಕೊಂಡಿರುವ ಮಾನ್ಯರೇ,

ಶಹಾಪುರದ ನಮ್ಮ ಭಾನುವಾರದ ಕಾವ್ಯವಾಚನವನ್ನು ನೀವು ನಿಲ್ಲಿಸಿದ್ದೀರಿ. ಲೂರ್ದಮ್ಮ ಅಕ್ಕೋರು ಹಳಗನ್ನಡ ಕಾವ್ಯವನ್ನು ಕ್ಯಾಥೊಲಿಕ್ ಕಣ್ಣಿನಿಂದ ಓದಿಸುತ್ತಾರಂತೆ, ಅದರಿಂದ ಊರು ಕೆಡುತ್ತದಂತೆ. ಓದಿಸುತ್ತಾರೆ, ನಿಜ. ನಿವೃತ್ತ ಕನ್ನಡ ಶಿಕ್ಷಕಿ, ಚರ್ಚಿನಲ್ಲಿ ಪೂಜೆ ಮುಗಿಸಿ ನೇರ ನಮ್ಮಲ್ಲಿಗೆ ಬರುವವರು ಬೇರೆ ಯಾರ ಕಣ್ಣು ತರಬೇಕಿತ್ತು? ನಿಮ್ಮದೇ? ನಾನು ಕಿರಾಣಿ ಅಂಗಡಿಯವ. ನನ್ನ ಕೊರಳ ಲಿಂಗ, ಹಣೆಯ ವಿಭೂತಿ ಇದ್ದಲ್ಲೇ ಇವೆ. ಬೇಕಾದರೆ ಖುದ್ದಾಗಿ ಬಂದು ತಪಾಸಣೆ ಮಾಡಿರಿ.

ಅಕ್ಕೋರ ಅಪರಾಧವನ್ನು ಪೂರ್ತಿ ಹೇಳಿಬಿಡುತ್ತೇನೆ. ಕಾವ್ಯದ ಖಳರನ್ನು ಬೈಯುವ ಮೊದಲು ‘ಆ ಜಾಗದಲ್ಲಿ ನಾನಿದ್ದರೆ?’ ಎಂದು ಪ್ರತಿಯೊಬ್ಬರೂ ಬಾಯಿಬಿಟ್ಟು ಹೇಳಬೇಕು, ಇದು ಅವರ ಕಟ್ಟಳೆ. ಪಾದ್ರಿಯ ಮುಂದೆ ಪಾಪನಿವೇದನೆಗೆ ಹೋಗುವ ಮುನ್ನ ಅವರು ಮಾಡಿಕೊಳ್ಳುವ ಆತ್ಮಶೋಧನೆಯ ಅಭ್ಯಾಸವಂತೆ. ಈಗ ಓದುತ್ತಿದ್ದ ಕಾವ್ಯದಲ್ಲಿ ಹಿರಿಯ ರಾಣಿ ಹೊಟ್ಟೆಕಿಚ್ಚಿನಿಂದ ಕಿರಿಯವಳನ್ನು ಅರಮನೆಯಿಂದ ಹೊರಹಾಕಿಸುತ್ತಾಳೆ, ಆಮೇಲೆ ಒಬ್ಬಳೇ ಕೂತು ಪದ್ಯಗಟ್ಟಲೆ ಅಳುತ್ತಾಳೆ. ನಾವೆಲ್ಲ ಕಣ್ಣೊರೆಸಿಕೊಂಡೆವು. ಅಕ್ಕೋರು ಕರಗಲಿಲ್ಲ.

“ಒಬ್ಬಾಕೀನ ಕುಂತು ಅತ್ರ ಏನ್ ಬಂತ್ರಿ? ಹೋಗಿ ಬಾಯಿಬಿಟ್ಟು ಹೇಳಬೇಕು, ಕೆಡಿಸಿದ್ದು ಸರಿ ಮಾಡಬೇಕು. ನಮ್ಮಲ್ಲಿ ಹಂಗ ಅದರಿ.”

ಇನ್ನು ಮನೆಯ ಸಂಗತಿ. ನನ್ನ ಹೆಂಡತಿ ಪಾರ್ವತಿಬಾಯಿಯೂ ಗೋಗಿಯಲ್ಲಿರುವ ಆಕೆಯ ತಂಗಿ ಶಾಂಭವಿಯೂ ಮಾತು ಬಿಟ್ಟು ಬಹಳ ಕಾಲವಾಯಿತು. ನಮ್ಮ ಮಗಳ ಮದುವೆಯಲ್ಲಿ ತಂಗಿಗೆ ಉಡುಗೊರೆಯಾಗಿ ಕೊಟ್ಟ ಆಯೇರಿ ಸೀರೆ ಬೀಗರಿಗೆ ಕೊಟ್ಟದ್ದಕ್ಕಿಂತ ಹಗುರಾಗಿತ್ತು, ಅಷ್ಟೇ ಜಗಳ. ಇಬ್ಬರೂ ಓದಿಗೆ ಬರುತ್ತಾರೆ, ಮೇಜಿನ ಆ ತುದಿ ಈ ತುದಿ ಹಿಡಿಯುತ್ತಾರೆ, ಹೇಳುವುದನ್ನೆಲ್ಲ ರಾಣಿಯರ ಹೆಸರಿನಲ್ಲಿ ಹೇಳುತ್ತಾರೆ.

“ಹಿರಿಯಾಕಿಗೆ ಆವತ್ತ ತಲಿ ಕೆಟ್ಟಿತ್ತರಿ, ಮದುವಿ ಗಡಿಬಿಡಿ,” ಎಂದಳು ನನ್ನ ಹೆಂಡತಿ. ಕಾವ್ಯದಲ್ಲಿ ಮದುವೆಯೇ ಇಲ್ಲ!

“ಹಂಗಂತ ಆಕೀನ ಬಂದು ಹೇಳ್ಲಿ, ಅಕ್ಕೋರ. ಕಿರಿಯಾಕಿ ಏನ್ ಹೊಡಿತಾಳ?” ಎಂದಳು ಶಾಂಭವಿ.

ಹಿರಿಯ ರಾಣಿ ಕಿರಿಯವಳ ಬಾಗಿಲಿಗೆ ಹೋದಳೋ ಇಲ್ಲವೋ ಮುಂದಿನ ಭಾನುವಾರ ತಿಳಿಯಬೇಕಿತ್ತು. ಆ ಭಾನುವಾರವೇ ನಿಮ್ಮ ಬೀಗ ಬಿತ್ತು. ಆ ಕಾವ್ಯದ ಇರುವ ಒಂದೇ ಪ್ರತಿ ಒಳಗಿನ ಕಪಾಟಿನಲ್ಲಿದೆ. “ಆಕಿ ಹೋದ್ಲೋ ಇಲ್ಲೋ ತಿಳೀಲಾರದ ನಾ ಗೋಗಿಗೆ ಹೋಗಂಗಿಲ್ಲ,” ಎಂದು ನನ್ನ ಹೆಂಡತಿ ಹಟ ಹಿಡಿದಿದ್ದಾಳೆ. ಅಕ್ಕೋರಿಗೆ ಕಥೆ ಗೊತ್ತು. ಕೇಳಿದರೆ ನಗುತ್ತಾರೆ, ಬಾಯಿ ಬಿಡುವುದಿಲ್ಲ.

ಮೊನ್ನೆ ಭಾನುವಾರ ಅಕ್ಕತಂಗಿಯರಿಬ್ಬರೂ ಬಂದು ಬೀಗದ ಮುಂದಿನ ಮೆಟ್ಟಿಲ ಮೇಲೆ ದೂರದೂರ ಕೂತಿದ್ದರು. ಶಾಂಭವಿ ಗೋಗಿಯ ಆಟೋ ಹತ್ತುವ ಮುನ್ನ ಯಾರ ಮುಖವನ್ನೂ ನೋಡದೆ ಅಂದಳು:

“ಕಿರಿಯಾಕಿ ಬಾಗಲಾ ತಗದ ಇಟ್ಟಾಳಂತ. ಹಿರಿಯಾಕಿಗೆ ಯಾರರೆ ಹೇಳ್ರಿ.”

ಕೇಳಿದಿರಲ್ಲ ಮಾನ್ಯರೇ. ಇನ್ನು ತೆರೆಯಬೇಕಾದ ಬಾಗಿಲು ನಿಮ್ಮದೊಂದೇ. ಬರುವ ಭಾನುವಾರ ಬೀಗ ತೆಗೆಸಿ, ನೀವೂ ಬನ್ನಿ, ನಮ್ಮನ್ನು ಧಾರಾಳವಾಗಿ ಬೈಯಿರಿ. ಆದರೆ ಕಟ್ಟಳೆ ಎಲ್ಲರಿಗೂ ಒಂದೇ: ಮೊದಲು ‘ಆ ಮೆಟ್ಟಿಲ ಮೇಲೆ ನಾನಿದ್ದರೆ?’ ಎಂದು ಬಾಯಿಬಿಟ್ಟು ಹೇಳಬೇಕು.

ಇಂತಿ,
ಇಬ್ಬರು ರಾಣಿಯರ ನಡುವೆ ಸಿಕ್ಕಿಕೊಂಡ ಬಡಪಾಯಿ ಕಿರಾಣಿಯವ,
ಲಿಂಗಣ್ಣ, ಶಹಾಪುರ